ಮಂಡಿಗೆ ಶಾಕ್ ಅಬ್ಸಾರ್ಬರ್: ನೋವು ಕಡಿಮೆ ಅಂದರೆ ಯಾವುದಕ್ಕಿಂತ ಕಡಿಮೆ?

ಮಂಡಿ ಬದಲಿಸುವುದೇ ಬೇಡ, ಮೂಳೆಯ ಪಕ್ಕದಲ್ಲಿ ಸಣ್ಣದೊಂದು ಶಾಕ್ ಅಬ್ಸಾರ್ಬರ್ ಕೂರಿಸಿದರೆ ನೋವು ಇಳಿಯುತ್ತದೆ ಎಂಬ ಸುದ್ದಿ ಈಚೆಗೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಒಂದರಲ್ಲಿ ಇನ್ನೂ ಪರೀಕ್ಷೆ ನಡೆಯುತ್ತಿದೆ ಎಂದಿರುತ್ತದೆ. ಇನ್ನೊಂದರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗಿದೆ ಎಂದಿರುತ್ತದೆ. ಮತ್ತೊಂದರಲ್ಲಿ ನೂರಕ್ಕೆ 85 ಮಂದಿಗೆ ಗುಣ! ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ದಿನವಿಡೀ ಕೂತು ಏಳುವವರಿಗೆ, ಶಿರಸಿ ಕಡೆಯ ತೋಟದಲ್ಲಿ ಇಳಿದು ಹತ್ತುವವರಿಗೆ ಇದನ್ನು ಓದಿದಾಗ ಬರುವುದು ಒಂದೇ ಪ್ರಶ್ನೆ. ನಮಗೂ ಸಿಗುತ್ತದಾ?

ಆ ಮೂರು ಸುದ್ದಿಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಮೂರೂ ಅರ್ಧ ಅರ್ಧ. ಉಳಿದರ್ಧ ಗೊತ್ತಾಗದೆ ‘ಸಿಗುತ್ತದಾ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಸವೆಯುವ ಜಾಗ ಬೇರೆ, ನೋಯುವ ಜಾಗ ಬೇರೆ

ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತಿ ಇಳಿಯುವಾಗ ಅದಕ್ಕಿಂತ ಜಾಸ್ತಿ. ಈ ಭಾರ ಮಂಡಿಯ ಎರಡೂ ಬದಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಹೆಚ್ಚಿನ ಪಾಲು ಒಳಬದಿಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಬೀಳುತ್ತದೆ. ಹಾಗಾಗಿ ಸವೆತ ಬಹುತೇಕ ಅಲ್ಲಿಂದಲೇ ಶುರು. ಒಳಬದಿ ಸವೆದಷ್ಟೂ ಕಾಲು ಹೊರಕ್ಕೆ ಬಾಗುತ್ತದೆ. ಬಾಗಿದಷ್ಟೂ ಒಳಬದಿಗೆ ಇನ್ನಷ್ಟು ಭಾರ. ಭಾರ ಹೆಚ್ಚಿದ ಹಾಗೆ ಸವೆತವೂ ಹೆಚ್ಚು.

ಮೂಳೆಯ ತುದಿಗೆ ಹೊದಿಸಿದಂತಿರುವ ಕಾರ್ಟಿಲೇಜಿಗೆ ನರಗಳೇ ಇಲ್ಲ. ಅದು ಸವೆಯುವುದು ಗೊತ್ತೇ ಆಗುವುದಿಲ್ಲ. ನೋಯುವುದು ಅದರ ಕೆಳಗಿನ ಮೂಳೆ, ಸುತ್ತಲಿನ ಪೊರೆ, ಸ್ನಾಯು. ಎಕ್ಸ್‌ರೇ ನೋಡಿ ‘ಗ್ಯಾಪ್ ಪೂರ್ತಿ ಹೋಗಿದೆ’ ಎನಿಸಿಕೊಂಡವರು ಆರಾಮಾಗಿ ಓಡಾಡುವುದೂ ಇದೆ. ಚಿತ್ರದಲ್ಲಿ ಏನೂ ಕಾಣದವರು ರಾತ್ರಿ ನಿದ್ದೆ ಬಾರದೆ ಒದ್ದಾಡುವುದೂ ಇದೆ. ನೋವಿಗೂ ಸವೆತಕ್ಕೂ ಲೆಕ್ಕ ಸರಿಯಾಗಿ ತಾಳೆಯಾಗದು ಎಂಬ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಪರೀಕ್ಷೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಭಾರತದಲ್ಲಿ ಕೀಲು ಸವೆತ ಇರುವವರು 1990ರಲ್ಲಿ ಸುಮಾರು 2.3 ಕೋಟಿ. 2019ರ ಹೊತ್ತಿಗೆ 6.2 ಕೋಟಿ ದಾಟಿದ್ದಾರೆ. ಇದರಲ್ಲಿ ಮಂಡಿಯದೇ ದೊಡ್ಡ ಪಾಲು. ಕಂಪನಿಗಳ ಕಣ್ಣು ಮಂಡಿಯ ಮೇಲೆ ಬಿದ್ದಿರುವುದು ಸುಮ್ನೆ ಅಲ್ಲ.

ನಡುವೆ ಸಿಕ್ಕಿಬಿದ್ದವರು

ಎಪ್ಪತ್ತು ದಾಟಿದವರಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಇದೆ, ಮತ್ತು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕ ಹೇಳುತ್ತದೆ. ತೊಂದರೆ ಇರುವುದು ನಲವತ್ತೈದು, ಐವತ್ತರ ಆಸುಪಾಸಿನವರಿಗೆ. ಇಂಥವರು ಜಾಸ್ತಿ ಓಡಾಡುತ್ತಾರೆ, ಮುಂದೆ ಬದುಕುವ ವರ್ಷಗಳೂ ಜಾಸ್ತಿ. ಐವತ್ತರ ಶುರುವಿನಲ್ಲೇ ಮಂಡಿ ಬದಲಿಸಿಕೊಂಡ ಗಂಡಸರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ಬದುಕಿರುವಾಗಲೇ ಎರಡನೇ ಸಲ ಆಪರೇಷನ್ ಬೇಕಾಗಬಹುದು ಎಂದು ಬ್ರಿಟನ್ನಿನ ಅಂಕಿಗಳನ್ನಿಟ್ಟುಕೊಂಡು ಮಾಡಿದ 2017ರ ಅಧ್ಯಯನ ಹೇಳಿತ್ತು. ಎಪ್ಪತ್ತರ ನಂತರ ಮಾಡಿಸಿಕೊಂಡವರಲ್ಲಿ ಅದು ನೂರಕ್ಕೆ ಐದರಷ್ಟು.

ಹಾಗಾಗಿ ವೈದ್ಯರು ‘ಇನ್ನೂ ಸ್ವಲ್ಪ ವರ್ಷ ತಡೆಯಿರಿ’ ಎನ್ನುತ್ತಾರೆ. ತಡೆಯುವುದು ಅಂದರೆ ಏನು? ಮಾತ್ರೆ, ಎಣ್ಣೆ, ಇಂಜೆಕ್ಷನ್. ತಡೆಯಲಾಗದವರಿಗೆ ಇನ್ನೊಂದು ದಾರಿ ಇದೆ. ಮಂಡಿಯ ಕೆಳಗಿನ ಮೂಳೆಯನ್ನು ಕೊಯ್ದು, ಕಾಲನ್ನು ನೆಟ್ಟಗೆ ಮಾಡಿ, ಭಾರವನ್ನು ಹೊರಬದಿಗೆ ತಿರುಗಿಸುವ ಆಪರೇಷನ್. ಆಸ್ಟಿಯೊಟಮಿ ಎನ್ನುತ್ತಾರೆ. ಒಳ್ಳೆಯದೇ, ಆದರೆ ಮೂಳೆ ಕೂಡಲು ತಿಂಗಳುಗಟ್ಟಲೆ ಬೇಕು. ದುಡಿದು ತಿನ್ನುವವರು ಅಷ್ಟು ದಿನ ಎಲ್ಲಿ ಕೂರುತ್ತಾರೆ?

ಹೊಸ ಸಾಧನ ಗುರಿ ಇಟ್ಟಿರುವುದು ಈ ನಡುವಿನ ಜನರ ಮೇಲೆ.

ಅದು ಮಾಡುವುದು ಇಷ್ಟು

ಈ ಬಗೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಮಾಕ್ಸಿಮೆಡ್ ಎಂಬ ಕಂಪನಿಯ ‘ಮಿಶಾ’. ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಇದಕ್ಕೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇದಕ್ಕೂ ಮೊದಲು ಇದೇ ಕಂಪನಿಯ ಸ್ಪ್ರಿಂಗ್ ಇರುವ ‘ಕೈನ್‌ಸ್ಪ್ರಿಂಗ್’ ಎಂಬ ಸಾಧನ ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಬಳಕೆಗೆ ಬಂದಿತ್ತು. ಅದೇ ಬದಲಾಗುತ್ತಾ ಬದಲಾಗುತ್ತಾ ಮಿಶಾ ಆಯಿತು.

ಬೈಕಿನ ಶಾಕ್ ಅಬ್ಸಾರ್ಬರ್ ಗೊತ್ತಲ್ವಾ, ಕೆಲಸ ಅದರದ್ದೇ. ತೊಡೆಮೂಳೆಯ ಕೆಳತುದಿಗೆ ಒಂದು ತಟ್ಟೆ, ಮೊಣಕಾಲ ಕೆಳಗಿನ ಮೂಳೆಗೆ ಇನ್ನೊಂದು ತಟ್ಟೆ. ಎರಡನ್ನೂ ಸ್ಕ್ರೂ ಹಾಕಿ ಕೂರಿಸುತ್ತಾರೆ. ನಡುವೆ ಒತ್ತಿದರೆ ಕುಗ್ಗುವ ಭಾಗ. ಇದೆಲ್ಲ ಮಂಡಿಯ ಒಳಬದಿಯಲ್ಲಿ, ಚರ್ಮದ ಕೆಳಗೆ, ಆದರೆ ಕೀಲಿನ ಚೀಲದಿಂದ ಹೊರಗೆ. ಕಾಲೂರಿದಾಗ ಒಳಬದಿಗೆ ಬೀಳುವ ಭಾರದಲ್ಲಿ ಒಂದು ಪಾಲನ್ನು ಇದು ಹೊರುತ್ತದೆ. ಕಂಪನಿಯ ಲೆಕ್ಕದಲ್ಲಿ ಆ ಪಾಲು ಸುಮಾರು 13 ಕೆ.ಜಿ.

ಇದರ ದೊಡ್ಡ ಗುಣ ಏನೆಂದರೆ, ಇದು ಮೂಳೆಯನ್ನಾಗಲಿ ಕಾರ್ಟಿಲೇಜನ್ನಾಗಲಿ ಕೊಯ್ದು ತೆಗೆಯುವುದಿಲ್ಲ. ಸರಿಹೋಗದಿದ್ದರೆ ಬಿಚ್ಚಬಹುದು. ಮುಂದೆ ಮಂಡಿ ಬದಲಿಸಲೂ ಬಾಗಿಲು ತೆರೆದೇ ಇರುತ್ತದೆ. ಆದರೆ ಸವೆದ ಕಾರ್ಟಿಲೇಜನ್ನು ಇದು ಮತ್ತೆ ಬೆಳೆಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕೆ ಸಿಕ್ಕಿರುವ ಒಪ್ಪಿಗೆ ನೋವಿನ ವಿಷಯಕ್ಕೆ, ಅದೂ ಒಳಬದಿಯ ಸವೆತಕ್ಕೆ, ಬೇರೆ ಚಿಕಿತ್ಸೆಗಳಿಂದ ನೋವು ಇಳಿಯದವರಿಗೆ. ಎರಡೂ ಬದಿ ಸವೆದವರಿಗೆ, ಮಂಡಿ ಚಿಪ್ಪಿನ ಹಿಂದಿನ ನೋವಿಗೆ, ಆಮವಾತಕ್ಕೆ ಇದು ಮಾಡಿದ್ದಲ್ಲ.

ನೂರಕ್ಕೆ 85 ಬಂದದ್ದು ಎಲ್ಲಿಂದ

ಮಿಶಾ ಒಪ್ಪಿಗೆ ಪಡೆದದ್ದು ‘ಕ್ಯಾಲಿಪ್ಸೊ’ ಎಂಬ ಅಧ್ಯಯನದ ಮೇಲೆ. 81 ಮಂದಿಗೆ ಈ ಸಾಧನ ಹಾಕಿದರು. ವಯಸ್ಸು 25ರಿಂದ 65. ಆಸ್ಟಿಯೊಟಮಿ ಮಾಡಿಸಿಕೊಂಡಿದ್ದ ಇನ್ನೊಂದು 81 ಮಂದಿಯ ಜೊತೆ ಹೋಲಿಸಿದರು. ಎರಡು ವರ್ಷದ ನಂತರ ಸಾಧನದ ಗುಂಪಿನಲ್ಲಿ ನೂರಕ್ಕೆ 85.6 ಮಂದಿ ‘ಯಶಸ್ವಿ’, ಆಸ್ಟಿಯೊಟಮಿ ಗುಂಪಿನಲ್ಲಿ 65.5. ಪೂರ್ತಿ ಭಾರ ಊರಿ ನಡೆಯಲು ಸಾಧನದವರಿಗೆ ಸರಾಸರಿ 13 ದಿನ ಬೇಕಾಯಿತು, ಮೂಳೆ ಕೊಯ್ಸಿಕೊಂಡವರಿಗೆ 58 ದಿನ.

ಆ ಕೊನೆಯ ಅಂಕಿ ನಿಜಕ್ಕೂ ಗಟ್ಟಿ. ಕೊಯ್ಲಿನ ಹೊತ್ತಿನಲ್ಲಿ ಎರಡು ವಾರ ಕೂರುವುದಕ್ಕೂ ಎರಡು ತಿಂಗಳು ಕೂರುವುದಕ್ಕೂ ಏನು ವ್ಯತ್ಯಾಸ ಅಂತ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ 85.6 ಅನ್ನುವುದು ನೋವು ನೂರಕ್ಕೆ 85 ಭಾಗ ಇಳಿಯಿತು ಎಂದಲ್ಲ. 85 ಮಂದಿ ಗುಣವಾದರು ಎಂದೂ ಅಲ್ಲ. ನೋವು ಇಷ್ಟು ಇಳಿದಿರಬೇಕು, ಓಡಾಟ ಇಷ್ಟು ಸುಧಾರಿಸಿರಬೇಕು, ದೊಡ್ಡ ತೊಂದರೆ ಆಗಿರಬಾರದು, ಕೂರಿಸಿದ್ದು ಗಟ್ಟಿಯಾಗಿರಬೇಕು, ಮಂಡಿ ಬದಲಿಗೆ ಹೋಗಿರಬಾರದು – ಹೀಗೆ ಹಲವು ಷರತ್ತುಗಳನ್ನು ಒಟ್ಟು ಕಟ್ಟಿ, ಎಲ್ಲವನ್ನೂ ದಾಟಿದವರನ್ನು ಎಣಿಸಿದ್ದಾರೆ. ಲೆಕ್ಕ ತಪ್ಪಲ್ಲ. ಸುದ್ದಿಯ ತಲೆಬರಹ ತಪ್ಪು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಯಾರಿಗೆ ಸಾಧನ, ಯಾರಿಗೆ ಆಸ್ಟಿಯೊಟಮಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಆಸ್ಟಿಯೊಟಮಿ ಗುಂಪು ಬೇರೆಯೇ ಆಗಿ ಮೊದಲೇ ಸೇರಿಸಿದ್ದ ಗುಂಪು. ವಯಸ್ಸು, ತೂಕ, ನೋವು ಹೊಂದುವಂತೆ ಅಂಕಿಶಾಸ್ತ್ರದ ದಾರಿಯಲ್ಲಿ ಜೋಡಿಸಿದರು. ಇದರಲ್ಲಿ ಅಳೆಯಲಾಗದ ವಿಷಯಗಳು ಹೊರಗೇ ಉಳಿಯುತ್ತವೆ. ಹೊಚ್ಚಹೊಸ ಸಾಧನ ತನಗೇ ಸಿಕ್ಕಿತು ಎಂಬ ಉತ್ಸಾಹವನ್ನು ಯಾವ ಅಂಕಿಯಲ್ಲಿ ಹಿಡಿಯುತ್ತೀರಿ?

ಬರೀ ಇಂಜೆಕ್ಷನ್ನಿಗೂ ನೋವು ಇಳಿಯುತ್ತದೆ

ತಕರಾರು ಇಲ್ಲೇ ಇರುವುದು. ಮಂಡಿ ನೋವು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಜನ ಆಸ್ಪತ್ರೆಗೆ ಬರುವುದು ಏರಿದಾಗ. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಕೆಲವರಿಗೆ ಇಳಿಯುತ್ತದೆ. ಅದರ ಮೇಲೆ ಆರೈಕೆ, ಭರವಸೆ, ಡಾಕ್ಟರ ಮಾತು ಸೇರಿದರೆ ಇನ್ನಷ್ಟು.

ಎಷ್ಟು ಇಳಿಯಬಹುದು? ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ನನ್ನು ಮಂಡಿ ಸವೆತದ 407 ಮಂದಿಯ ಮೇಲೆ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಬಂತು. ನೂರು ಅಂಕದ ನೋವಿನ ಅಳತೆಯಲ್ಲಿ ಔಷಧ ಪಡೆದವರಿಗೆ 41.7 ಅಂಕ ಇಳಿಯಿತು. ಔಷಧವೇ ಇಲ್ಲದ ಇಂಜೆಕ್ಷನ್ ಪಡೆದವರಿಗೂ 27.5 ಅಂಕ ಇಳಿಯಿತು! ಇವರಿಗೂ ಊಟ, ವ್ಯಾಯಾಮದ ಸಲಹೆ ಸಿಕ್ಕಿತ್ತು, ನಿಜ. ಆದರೂ ಹೋಲಿಸಲು ಈ ಗುಂಪು ಇರದಿದ್ದರೆ ಪೂರ್ತಿ 41.7 ಔಷಧದ ಖಾತೆಗೇ ಜಮೆ ಆಗುತ್ತಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಈ ಪರಿಣಾಮ ಇನ್ನೂ ದೊಡ್ಡದು. ಮಂಡಿಗೆ ದುರ್ಬೀನು ಹಾಕಿ ತೊಳೆದು ಸ್ವಚ್ಛ ಮಾಡುವ ಆರ್ತ್ರೊಸ್ಕೊಪಿ ಒಂದು ಕಾಲದಲ್ಲಿ ಎಲ್ಲೆಡೆ ನಡೆಯುತ್ತಿತ್ತು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಮಂದಿಯ ಮೇಲೆ ಪರೀಕ್ಷೆ ಮಾಡಿದರು. ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಚರ್ಮ ಸೀಳಿ ಹೊಲಿಗೆ ಹಾಕಿದರು ಅಷ್ಟೇ. ಎಲ್ಲರ ನೋವೂ ಒಂದೇ ಥರ ಇಳಿಯಿತು. 2013ರಲ್ಲಿ ಫಿನ್ಲೆಂಡಿನಲ್ಲಿ, ಮಂಡಿಯೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಾಗ ಅದನ್ನು ಕತ್ತರಿಸುವ ಆಪರೇಷನ್ನಿನ ಕಥೆಯೂ ಹೀಗೇ ಆಯಿತು.

ಹಾಗಾದರೆ ಮಂಡಿಯ ಸಾಧನಕ್ಕೂ ಇಂಥ ಹುಸಿ ಆಪರೇಷನ್ ಪರೀಕ್ಷೆ ಮಾಡಬೇಕಲ್ಲ ಎನ್ನುತ್ತಾರೆ ಒಂದು ಕಡೆಯವರು. ಎರಡು ಆಪರೇಷನ್‌ಗಳನ್ನು ಒಂದಕ್ಕೊಂದು ಹೋಲಿಸಿದರೆ ಯಾವುದು ಮೇಲು ಎಂದು ಗೊತ್ತಾಗುತ್ತದೆ. ಆಪರೇಷನ್ನೇ ಬೇಕಿತ್ತಾ ಎಂಬುದು ಗೊತ್ತಾಗುವುದಿಲ್ಲ ಎಂಬುದು ಅವರ ವಾದ.

ಇನ್ನೊಂದು ಕಡೆಯವರ ಮಾತನ್ನೂ ತಳ್ಳಿಹಾಕುವಂತಿಲ್ಲ. ದುರ್ಬೀನಿನ ತೂತು ಸಣ್ಣದು. ಇಲ್ಲಿ ಗಾಯ ಉದ್ದ, ಮೂಳೆಗೆ ಸ್ಕ್ರೂ. ಪ್ರಯೋಜನವೇ ಇಲ್ಲದ ಗಾಯವನ್ನು ಒಬ್ಬರಿಗೆ ಬೇಕಂತಲೇ ಮಾಡುವುದು ಎಷ್ಟು ಸರಿ? ಚರ್ಮದ ಕೆಳಗಿನ ಲೋಹ ಕೈಗೆ ಸಿಗುತ್ತದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ, ಹಾಗಾಗಿ ಗುಟ್ಟು ಬಹಳ ದಿನ ಉಳಿಯುವುದೂ ಇಲ್ಲ.

ಎರಡರ ನಡುವೆ ಒಂದು ದಾರಿ ಇದೆ. ಚೀಟಿ ಎತ್ತಿ ಅರ್ಧ ಮಂದಿಗೆ ಸಾಧನ, ಉಳಿದರ್ಧಕ್ಕೆ ಫಿಸಿಯೊಥೆರಪಿ ಮತ್ತು ತೂಕ ಇಳಿಸುವ ಒಳ್ಳೆಯ ಕಾರ್ಯಕ್ರಮ. ಹುಸಿ ಆಪರೇಷನ್ನಿನಷ್ಟು ಗಟ್ಟಿ ಪುರಾವೆ ಇದರಿಂದ ಸಿಗದು, ಆದರೆ ರೋಗಿಗೆ ಬೇಕಾದ ಉತ್ತರ ಇದರಲ್ಲೇ ಸಿಗುತ್ತದೆ. ಯಾಕೆಂದರೆ ಮನೆಯಲ್ಲಿ ಕೂತು ಯೋಚಿಸುವವರ ಮುಂದಿರುವ ಆಯ್ಕೆ ಅದೇ ಅಲ್ವಾ? ಎರಡು ಆಪರೇಷನ್‌ಗಳ ನಡುವಿನದ್ದಲ್ಲ.

ಮೇಲೆ ಹೇಳಿದ 13 ಕೆ.ಜಿ.ಯನ್ನು ತೂಕ ಇಳಿಸುವ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಮೈತೂಕ ಜಾಸ್ತಿ ಇರುವ ಮಂಡಿ ಸವೆತದವರಲ್ಲಿ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಭಾರ ನಾಲ್ಕು ಕಿಲೊದಷ್ಟು ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಎರಡೂ ಅಳತೆಗಳು ಪೂರ್ತಿ ಒಂದೇ ಅಲ್ಲ. ಆದರೂ ಮೂರು ನಾಲ್ಕು ಕಿಲೊ ಇಳಿಸಿದರೆ ಆಗುವ ಉಪಕಾರ ಹೆಚ್ಚುಕಡಿಮೆ ಸಾಧನದ ಆಸುಪಾಸಿಗೆ ಬಂತು. ತೂಕ ಇಳಿಸುವುದು ಸುಲಭ ಎಂದು ಇದರರ್ಥವಲ್ಲ. ಮೊದಲೇ ಸಣಕಲಾಗಿದ್ದು, ಬರೀ ದುಡಿಮೆಯಿಂದ ಮಂಡಿ ಹಾಳಾದವರಿಗೆ ಈ ಲೆಕ್ಕ ಹೊಂದುವುದೂ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥವರು ಕಡಿಮೆಯೇನಿಲ್ಲ.

ಕಾಲುಚೀಲ, ಬಾತ್‌ಟಬ್, ಮೆಟ್ಟುಗತ್ತಿ

ನೋವು ಇಳಿಯಿತಾ ಎಂದು ಅಳೆಯಲು ಈ ಅಧ್ಯಯನಗಳು ಬಳಸುವುದು ವೊಮ್ಯಾಕ್ ಎಂಬ ಪ್ರಶ್ನಾವಳಿ. ಒಟ್ಟು 24 ಪ್ರಶ್ನೆ. ಮೆಟ್ಟಿಲು ಇಳಿಯುವಾಗ ಎಷ್ಟು ಕಷ್ಟ? ಕಾಲುಚೀಲ ಹಾಕಿಕೊಳ್ಳುವಾಗ? ಬಾತ್‌ಟಬ್ಬಿಗೆ ಇಳಿದು ಏಳುವಾಗ? ಕಾರು ಹತ್ತುವಾಗ? ಕುಕ್ಕರಗಾಲಲ್ಲಿ ಕೂರುವುದರ ಬಗ್ಗೆ ಅದರಲ್ಲಿ ಪ್ರಶ್ನೆಯೇ ಇಲ್ಲ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಏಳುವುದರ ಬಗ್ಗೆಯೂ ಇಲ್ಲ.

ಶಿರಸಿ, ಸಿದ್ದಾಪುರದ ಅಂಗಳದಲ್ಲಿ ಅಡಿಕೆ ಸುಲಿಯುವವರನ್ನು ನೋಡಿ. ಮೆಟ್ಟುಗತ್ತಿಯ ಮುಂದೆ ಒಂದು ಕಾಲು ಮಡಚಿ, ಮಣೆಯನ್ನು ಒತ್ತಿ ಹಿಡಿದು, ಗಂಟೆಗಟ್ಟಲೆ ಕೂತಿರುತ್ತಾರೆ. ಮೀನು ಕೊಯ್ಯುವ ಹೆಂಗಸರು ಈಳಿಗೆಮಣೆಯ ಮೇಲೆ ಒಂದು ಮಂಡಿ ಎತ್ತಿ ಕೂತಿರುತ್ತಾರೆ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರು ತರಕಾರಿ ಹೊರೆ ಹೊತ್ತು ಪೇಟೆಗೆ ಬಂದು, ನೆಲದ ಮೇಲೇ ಹರಡಿ ಮಾರುತ್ತಾರೆ. ಇವರ ಮಂಡಿ ಪೂರ್ತಿ ಮಡಚಿದಾಗ ಆ ಸಾಧನದ ಮೇಲೆ, ಸ್ಕ್ರೂಗಳ ಮೇಲೆ, ಅದನ್ನು ಮುಚ್ಚಿದ ತೆಳು ಚರ್ಮದ ಮೇಲೆ ಏನಾಗುತ್ತದೆ ಎಂಬುದೇ ಇಲ್ಲಿನವರಿಗೆ ಬೇಕಾದ ಪರೀಕ್ಷೆ. ಕುರ್ಚಿಯ ಮೇಲೆ ಕೂರುವವರ 24 ಪ್ರಶ್ನೆಗಳಿಂದ ಅದು ಹೊರಬರುವುದಿಲ್ಲ.

ಇಲ್ಲಿಗೆ ಬರುವ ದಾರಿ

ಭಾರತದಲ್ಲಿ ಇಂಥ ಸಾಧನಗಳು 2017ರ ವೈದ್ಯಕೀಯ ಸಾಧನ ನಿಯಮಗಳ ಅಡಿ ಬರುತ್ತವೆ. ಇವು ಜಾರಿಯಾದದ್ದು 2018ರ ಜನವರಿ 1ರಿಂದ. ಹಿಂದೆ ಇಲ್ಲಿ ಇಲ್ಲದ ಬಗೆಯ ಸಾಧನವಾದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಅನುಮತಿ ಬೇಕು. ಮೊದಲು ಕೆಲವೇ ಮಂದಿಯ ಮೇಲೆ ಸಣ್ಣ ಪರೀಕ್ಷೆ, ಆಮೇಲೆ ದೊಡ್ಡದು. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಬೇಕು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ಹೊಣೆ ಪರೀಕ್ಷೆ ನಡೆಸುವವರದ್ದು.

ಇದರಲ್ಲಿ ಒಂದು ಕಿಟಕಿ ಇದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಜಪಾನ್‌ಗಳಲ್ಲಿ ಒಪ್ಪಿಗೆ ಸಿಕ್ಕಿ, ಅಲ್ಲಿ ಎರಡು ವರ್ಷವಾದರೂ ಮಾರಾಟವಾದ ಸಾಧನಕ್ಕೆ, ಕೆಲವು ಷರತ್ತುಗಳ ಮೇಲೆ ಇಲ್ಲಿನ ಪರೀಕ್ಷೆಯಿಂದ ವಿನಾಯಿತಿ ಕೊಡಬಹುದು. ಒಳ್ಳೆಯ ಸಾಧನ ಬೇಗ ಬರಲಿ ಎಂಬುದು ಇದರ ಉದ್ದೇಶ. ಪರಿಣಾಮ ಮಾತ್ರ ಬೇರೆಯೂ ಆಗಬಹುದು. ನೆಲದ ಮೇಲೆ ಕೂರುವ ಒಬ್ಬರ ಮಂಡಿಯಲ್ಲೂ ಪರೀಕ್ಷೆಯಾಗದೆ ಸಾಧನ ನೇರ ಮಾರುಕಟ್ಟೆಗೆ ಬರುವ ಸಾಧ್ಯತೆ ಇದೆ.

ಹೀಗೆ ಬಂದದ್ದರ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾನ್ಸನ್ ಅಂಡ್ ಜಾನ್ಸನ್‌ನ ಸೊಂಟದ ಕೀಲಿನ ಪ್ರಕರಣ ಇದೆ. ಡಿಪ್ಯೂ ಎಎಸ್‌ಆರ್ ಎಂಬ ಆ ಕೀಲನ್ನು ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಭಾರತದಲ್ಲಿ ಅಷ್ಟರಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಸರ್ಕಾರದ ತಜ್ಞರ ಸಮಿತಿ 2018ರಲ್ಲಿ ನೋಡಿದಾಗ ಅವರಲ್ಲಿ ಸುಮಾರು 3,600 ಮಂದಿಯ ಪತ್ತೆಯೇ ಇರಲಿಲ್ಲ. ಪರಿಹಾರಕ್ಕೆ 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗಿನ ಸೂತ್ರವೇನೋ ಆಯಿತು. ಯಾರ ಮೈಯಲ್ಲಿ ಯಾವ ಕೀಲಿದೆ ಎಂಬ ಪಟ್ಟಿ ಇಲ್ಲದಿದ್ದರೆ ಸೂತ್ರ ಯಾರಿಗೆ?

ಬೆಲೆಯದ್ದೂ ಒಂದು ಮಾತು. ಮಂಡಿ ಬದಲಿಯ ಕೀಲುಗಳಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಬೆಲೆಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಆ ಆದೇಶ ಹೆಸರಿಸಿದ್ದು ಮಂಡಿ ಬದಲಿಯ ಭಾಗಗಳನ್ನು. ಪಕ್ಕದಲ್ಲಿ ಕೂರಿಸುವ ಹೊಸ ಸಾಧನ ತಾನಾಗಿ ಅದರಡಿ ಬರುವುದಿಲ್ಲ. ಆದೇಶ ಹೊರಡುವವರೆಗೆ ಕಂಪನಿ ಹೇಳಿದ್ದೇ ಬೆಲೆ.

ಘಟ್ಟ ದಾಟಿದ ಮೇಲಿನ ಆಸ್ಪತ್ರೆ

ಮಾತ್ರೆಯ ಪರೀಕ್ಷೆಯಲ್ಲಿ ಏನಾದರೂ ಆದರೆ ಮಾತ್ರೆ ನಿಲ್ಲಿಸಬಹುದು. ಸ್ಕ್ರೂ ಹಾಕಿದ್ದನ್ನು ನಿಲ್ಲಿಸಲು ಆಗುವುದಿಲ್ಲ, ಬಿಚ್ಚಲು ಇನ್ನೊಂದು ಆಪರೇಷನ್ ಬೇಕು. ಅದನ್ನು ಹಾಕಲು ಕಲಿತವರೇ ಬಿಚ್ಚಬೇಕು. ಅವರು ಎಲ್ಲಿರುತ್ತಾರೆ?

ಉತ್ತರ ಕನ್ನಡದವರಿಗೆ ಈ ಪ್ರಶ್ನೆಯ ನೋವು ಹೊಸದಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೂ ದೊಡ್ಡ ಕಾಯಿಲೆ ಅಂದರೆ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾ, ಘಟ್ಟದ ಮೇಲಿನವರು ಹುಬ್ಬಳ್ಳಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಆಮೇಲೆ ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಎಂಬ ಕೂಗು ಎದ್ದದ್ದು ಎಲ್ಲರಿಗೂ ನೆನಪಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು.

ಇಂಥ ಕಡೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಪರೀಕ್ಷೆಗೆ ಸೇರಿದರು ಎಂದಿಟ್ಟುಕೊಳ್ಳಿ. ಮೊದಲ ವರ್ಷ ಕರೆದಾಗೆಲ್ಲ ಹೋಗುತ್ತಾರೆ. ನೋವು ಇಳಿದವರು ಆಮೇಲೆ ಹೋಗುವುದು ಬಿಡುತ್ತಾರೆ, ಯಾಕೆಂದರೆ ಹೋದರೆ ಒಂದು ದಿನದ ಕೂಲಿ ಹೋಯಿತು. ನೋವು ಇಳಿಯದವರೂ ಬೇಜಾರಾಗಿ ಬಿಡುತ್ತಾರೆ. ಇದರಿಂದ ಎರಡು ಹಾನಿ. ಮಳೆಗಾಲದಲ್ಲಿ ಗಾಯ ಕೆಂಪಾಗಿ ಊದಿದರೆ ಹತ್ತಿರದ ಡಾಕ್ಟರಿಗೆ ಒಳಗೆ ಏನಿದೆ ಎಂದೇ ಗೊತ್ತಿರುವುದಿಲ್ಲ. ಅದು ಆ ರೋಗಿಯ ಹಾನಿ. ಇತ್ತ, ದೂರದ ಊರಿನ ಕೂಲಿಕಾರರೇ ಹೆಚ್ಚಾಗಿ ಬಿಟ್ಟುಹೋದರೆ ಕೊನೆಯ ಅಂಕಿಯಲ್ಲಿ ಉಳಿಯುವುದು ಆಸ್ಪತ್ರೆಗೆ ಹತ್ತಿರ ಇರುವ, ಕುರ್ಚಿಯ ಕೆಲಸದವರ ಮಂಡಿಗಳು. ಸಾಧನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದೇ ಅಂಕಿ ನೋಡಿ ಮುಂದಿನವರು ಹಾಕಿಸಿಕೊಳ್ಳುತ್ತಾರೆ.

ಹಾಗಂತ ಪರೀಕ್ಷೆಯೇ ಬೇಡ ಎನ್ನುವುದೂ ಸರಿಯಲ್ಲ. ಈಗ ಇಲ್ಲಿ ಪರೀಕ್ಷೆಯ ಹೆಸರಿಲ್ಲದೆ ನಡೆಯುತ್ತಿರುವುದೇನು ಕಡಿಮೆಯೇ? ಸ್ವಂತ ರಕ್ತದಿಂದ ಮಾಡುವ ಪಿಆರ್‌ಪಿ ಇಂಜೆಕ್ಷನ್ನಿಗೆ ಸಾವಿರಾರು ರೂಪಾಯಿ ಕೊಟ್ಟು ಬರುವವರಿದ್ದಾರೆ. 2021ರಲ್ಲಿ 288 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಮೇಲೆಂದು ಕಾಣಲಿಲ್ಲ. ಸರಿಯಾಗಿ ನಡೆದ ಪರೀಕ್ಷೆಯಲ್ಲಿ ಕನಿಷ್ಠ ಒಂದು ಲೆಕ್ಕ, ಒಬ್ಬ ಹೊಣೆಗಾರ ಇರುತ್ತಾರೆ.

ಸಹಿ ಹಾಕುವ ಮುಂಚೆ

ಪರೀಕ್ಷೆಗೆ ಸೇರಿ ಎಂದು ಯಾರಾದರೂ ಕರೆದರೆ ಮೊದಲು ನೋಡಬೇಕಾದದ್ದು ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ. 2007ರಲ್ಲಿ ಶುರುವಾದ ಇದು ಎಲ್ಲರಿಗೂ ತೆರೆದಿದೆ, ದುಡ್ಡಿಲ್ಲ, ಮನೆಯ ಹುಡುಗರಿಗೆ ಹೇಳಿದರೆ ಮೊಬೈಲ್‌ನಲ್ಲೇ ತೆಗೆದು ಕೊಡುತ್ತಾರೆ. ಹೋಲಿಕೆಯ ಗುಂಪಿಗೆ ಏನು ಕೊಡುತ್ತಾರೆ, ಎಷ್ಟು ಕಾಲ ನೋಡುತ್ತಾರೆ, ಯಾವ ಆಸ್ಪತ್ರೆಗಳು, ಹಣ ಯಾರದ್ದು ಎಂಬುದೆಲ್ಲ ಅಲ್ಲಿರುತ್ತದೆ. ಅಲ್ಲಿ ಹೆಸರೇ ಇಲ್ಲದಿದ್ದರೆ ವಾಪಸ್ ಬನ್ನಿ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ಅದರಲ್ಲಿ ಹುಡುಕಬೇಕಾದದ್ದು ಸಾಧನದ ಹೊಗಳಿಕೆಯಲ್ಲ. ಪರೀಕ್ಷೆ ಮುಗಿದು ಐದನೇ ವರ್ಷಕ್ಕೆ ಅದು ಸಡಿಲವಾದರೆ ಬಿಚ್ಚುವ ಖರ್ಚು ಯಾರದ್ದು? ಹೋಗಿಬರುವ ಬಸ್ ಚಾರ್ಜು, ತಪ್ಪಿದ ಕೂಲಿ ಕೊಡುತ್ತಾರಾ? ಸಾಧನದ ನಂಬರ್ ಇರುವ ಕಾರ್ಡು ಕೈಗೆ ಕೊಡುತ್ತಾರಾ? ನೆಲದ ಮೇಲೆ ಕೂರಬಹುದಾ? ‘ಕೂರಬಾರದು’ ಎಂಬ ಉತ್ತರ ಬಂದರೆ, ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರಲೇಬೇಕಾದವರು ಆ ಪರೀಕ್ಷೆಗೆ ಸೇರುವುದರಲ್ಲಿ ಅರ್ಥವಿಲ್ಲ. ‘ಗೊತ್ತಿಲ್ಲ’ ಎಂಬ ಉತ್ತರ ಬಂದರೆ, ಅದನ್ನು ತಿಳಿಯುವುದೂ ಪರೀಕ್ಷೆಯ ಭಾಗವೇ ಎಂದು ಕೇಳಿಕೊಳ್ಳಿ. ಭಾಗವಾಗಿದ್ದರೆ ಅದು ಸಿಟಿಆರ್‌ಐ ಪುಟದಲ್ಲಿ ಏನೇನು ಅಳೆಯುತ್ತಾರೆ ಎಂಬ ಪಟ್ಟಿಯಲ್ಲಿ ಬರೆದಿರಬೇಕು.